ಮನೆಗೊಂದು ಕೋಡಿ ಇರಲಿ

ನೀನು ಕಳಿಸಿದ ಪ್ಲಾನು ನೋಡಿದೆ ಮಗು. ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುವ ಹಾಗಿದೆ. ಮಂಡಿ ನೋವಿನ ನಿನ್ನಮ್ಮನಿಗೆ ಕೆಳಗಡೆಯೇ ಕೋಣೆ ಇಟ್ಟಿದ್ದೀಯ, ಸಂತೋಷ. ಕಾರು ನಿಲ್ಲಿಸಲು, ಬಟ್ಟೆ ಒಣಗಿಸಲು, ಗ್ಯಾಸ್ ಸಿಲಿಂಡರ್ ಇಡಲು ಕೂಡ ಜಾಗ ಗುರುತು ಮಾಡಿಸಿದ್ದೀಯ. ಕನ್ನಡಕ ಹಾಕಿಕೊಂಡು ಎರಡು ಸಲ ಹುಡುಕಿದೆ. ಮಳೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಎಲ್ಲೂ ಇಲ್ಲ. ತಾರಸಿಯ ಮೂಲೆಗಳಲ್ಲಿ ನಾಲ್ಕು ಪುಟ್ಟ ಸೊನ್ನೆ ಬರೆದು ಪೈಪು ಅಂತ ತೋರಿಸಿದ್ದಾರೆ. ಆ ಪೈಪು ನೆಲಕ್ಕೆ ಇಳಿದ ಮೇಲೆ? ಅದರ ಬಗ್ಗೆಯೇ ನಿನ್ನ ಹತ್ತಿರ ಕೂತು ಮಾತಾಡಬೇಕು ಅನಿಸಿತು. ಪಾಯ ತೆಗೆಯುವ ಮೊದಲು ಮಾತಾಡಿದರೆ ಇದು ಪೆನ್ಸಿಲ್ ಕೆಲಸ, ಗೃಹಪ್ರವೇಶ ಆದ ಮೇಲಾದರೆ ಹಾರೆ ಗುದ್ದಲಿ ಕೆಲಸ.

ನಿನ್ನ ತಾತ, ಅಂದರೆ ನನ್ನ ಅಪ್ಪ, ಮಾಲೂರು ಕಡೆಯ ನಮ್ಮ ಹಳ್ಳಿಯಲ್ಲಿ ನೀರುಗಂಟಿ ಆಗಿದ್ದರು. ನೀನು ಹುಟ್ಟುವ ಹೊತ್ತಿಗೆ ಕೆರೆಯೂ ಬತ್ತಿತ್ತು, ಆ ಕೆಲಸವೂ ನಿಂತಿತ್ತು, ಹಾಗಾಗಿ ನಿನಗೆ ಅವರು ಬರೀ ಜಗಲಿಯ ಮೇಲೆ ಕೂತ ಮುದುಕ. ನಾನು ಅವರ ಹಿಂದೆ ಏರಿಯ ಮೇಲೆ ಓಡಾಡಿದವಳು. ಕೆರೆಗೆ ಮೂರು ಅಂಗ ಅನ್ನುವುದನ್ನು ಅಕ್ಷರ ಕಲಿಯುವ ಮೊದಲೇ ಕಲಿತೆ. ಏರಿ ಓಡುವ ನೀರನ್ನು ತಡೆದು ನಿಲ್ಲಿಸುತ್ತದೆ. ತೂಬು ಬೇಕಾದಾಗ ಬೇಕಾದಷ್ಟು ಗದ್ದೆಗೆ ಬಿಡುತ್ತದೆ. ಕೋಡಿ, ತುಂಬಿ ಮಿಕ್ಕಿದ್ದನ್ನು ಯಾರಿಗೂ ಪೆಟ್ಟಾಗದ ಹಾಗೆ ಕೆಳಗಿನೂರಿನ ಕೆರೆಗೆ ದಾಟಿಸುತ್ತದೆ. ಮಳೆಗಾಲಕ್ಕೆ ಮುಂಚೆ ಅಪ್ಪ ಮೊದಲು ಹೋಗಿ ನೋಡುತ್ತಿದ್ದದ್ದು ಕೋಡಿಯನ್ನೇ. ಅಲ್ಲಿ ಬೆಳೆದ ಲಂಟಾನ ಸವರಿ, ಜರುಗಿದ ಚಪ್ಪಡಿ ನೇರ ಮಾಡಿಸಿ ಬರುತ್ತಿದ್ದರು. ಕೋಡಿ ಕಟ್ಟಿಕೊಂಡರೆ ಏರಿ ಒಡೆಯುತ್ತದೆ, ಏರಿ ಒಡೆದರೆ ಹಾಳಾಗುವುದು ನಮ್ಮೂರಲ್ಲ, ಕೆಳಗಿನೂರು. ಆ ಭಯ ಅವರಿಗೆ ಸದಾ ಇತ್ತು. ನೋಡದ ಊರಿನ ಜನರಿಗಾಗಿ ಒಬ್ಬ ಮನುಷ್ಯ ಭಯಪಡುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಬೆಂಗಳೂರು ಇದೇ ಲೆಕ್ಕದ ಮೇಲೆ ಬೆಳೆದ ಊರು. ಇಲ್ಲಿ ದೊಡ್ಡ ಹೊಳೆ ಇಲ್ಲ. ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಊರು ಕೂತಿದೆ. ಬಿದ್ದ ಮಳೆ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಲ್ಲಿ ಇಳಿದು ಹೋಗುತ್ತದೆ. ಹಾಗೆ ಇಳಿಯುವ ನೀರನ್ನು ಹಿರಿಯರು ಮೆಟ್ಟಿಲು ಮೆಟ್ಟಿಲಾಗಿ ಕೆರೆ ಕಟ್ಟಿ ನಿಲ್ಲಿಸಿದರು, ಒಂದರ ಕೋಡಿಯಿಂದ ಇನ್ನೊಂದಕ್ಕೆ ರಾಜಕಾಲುವೆ ಹಾಯಿಸಿದರು. ಆಮೇಲೆ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ನಿನ್ನ ಸೈಟಿನ ಕಡೆಯ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಅಂದರೆ ನೀನು ಕಟ್ಟುತ್ತಿರುವುದು ಕೆರೆಗೆ ನೀರು ಬರುವ ದಾರಿಯ ಮೇಲೆ. 2022ರ ಸೆಪ್ಟೆಂಬರ್ 4ರ ರಾತ್ರಿ ನೆನಪಿದೆಯಲ್ಲ? ಒಂದೇ ರಾತ್ರಿ 130 ಮಿಲಿಮೀಟರಿಗೂ ಹೆಚ್ಚು ಸುರಿಯಿತು. ಬೆಳಿಗ್ಗೆ ಆ ಕಡೆಯ ಜನರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಸಾಗಿಸಿದರು. ನಿನ್ನ ಆಫೀಸಿನವರೂ ಅದರಲ್ಲಿ ಇದ್ದರು ಅಂತ ನೀನೇ ಫೋನಿನಲ್ಲಿ ಹೇಳಿದ್ದೆ.

ಕೆರೆ ಮುಚ್ಚಿದರು, ಕಾಲುವೆ ಒತ್ತಿದರು ಅಂತ ಆಗ ಎಲ್ಲರೂ ಬೈದರು. ಬೈದದ್ದು ಸರಿ. ಆದರೆ ನಾವು ಹೇಳಿಕೊಳ್ಳದ ಇನ್ನೊಂದು ಮಾತಿದೆ. ಆ ನೀರೆಲ್ಲ ಮೊದಲು ಬಿದ್ದದ್ದು ಎಲ್ಲಿಗೆ? ನಿನ್ನಂಥವರ, ನನ್ನಂಥವರ ತಾರಸಿಯ ಮೇಲೆ.

ಒಂದು ಲೆಕ್ಕ ಮಾಡು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿನ್ನ ಮೂವತ್ತು–ನಲವತ್ತು ಸೈಟು ಅಂದರೆ 1,200 ಚದರ ಅಡಿ, ಸುಮಾರು 111 ಚದರ ಮೀಟರ್. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. ಗುಣಿಸಿದರೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ನಿನ್ನ ಸೈಟಿನ ಮೇಲೆ ಬೀಳುತ್ತದೆ, ಆರು ಸಾವಿರ ಲೀಟರಿನ ಟ್ಯಾಂಕರ್‌ಗಳಾದರೆ ಹದಿನೆಂಟು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಒಂದು ಟ್ಯಾಂಕರಿಗೆ ನೀನು ಎಷ್ಟು ದಿನ ಕಾದೆ ಅನ್ನುವುದನ್ನೂ ಇದರ ಪಕ್ಕದಲ್ಲಿ ಇಟ್ಟುಕೊಂಡು ನೋಡು. ಕಾವೇರಿ ನೀರು ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಅಂತ ಹಂತ ಹಂತವಾಗಿ ಪಂಪು ಮಾಡಿಸಿಕೊಂಡು ದಿಬ್ಬ ಹತ್ತಿ ಬರುತ್ತದೆ. ಮಳೆ ತಾನಾಗಿ ತಲೆಯ ಮೇಲೆ ಬಂದು ಬೀಳುತ್ತದೆ. ಅದನ್ನು ನಾವು ಪೈಪಿನಲ್ಲಿ ಹಿಡಿದು ಬೀದಿಗೆ ಅಟ್ಟುತ್ತೇವೆ.

ನಿನ್ನ ಸೈಟು ಹೊಲವಾಗಿದ್ದಾಗಲೂ ಅಷ್ಟೇ ಮಳೆ ಬೀಳುತ್ತಿತ್ತು. ಆಗ ಹೆಚ್ಚಿನ ಪಾಲು ಮಣ್ಣು ಕುಡಿಯುತ್ತಿತ್ತು, ಸಾಕಾದ ಮೇಲೆ ಉಳಿದದ್ದು ನಿಧಾನವಾಗಿ ಕಾಲುವೆಗೆ ಹೋಗುತ್ತಿತ್ತು. ತಾರಸಿ ಕುಡಿಯುವುದಿಲ್ಲ. ನೂರು ಲೀಟರ್ ಬಿದ್ದರೆ ತೊಂಬತ್ತರ ಹತ್ತಿರ ಕೆಳಗೆ ಕಳಿಸುತ್ತದೆ, ಅದೂ ಬಿದ್ದ ನಿಮಿಷಗಳಲ್ಲಿ. ಇಡೀ ಬಡಾವಣೆಯ ತಾರಸಿಗಳು ಒಟ್ಟಿಗೆ ಹಾಗೆ ಮಾಡಿದರೆ ಯಾವ ಮೋರಿ ತಾನೇ ತಾಳುತ್ತದೆ? ಊರು ಮುಳುಗುವುದು ನೀರು ಹೆಚ್ಚಾಗಿದ್ದಕ್ಕಿಂತ ನೀರಿನ ಅವಸರ ಹೆಚ್ಚಾಗಿದ್ದಕ್ಕೆ. ನಿನ್ನ ಪಾಲಿನ ನೀರನ್ನು ಒಂದೆರಡು ಗಂಟೆ ಮನೆಯಲ್ಲಿ ಹಿಡಿದಿಟ್ಟುಕೊಂಡರೂ ಕೆಳಗಿನವರಿಗೆ ನೀನು ಮಾಡುವ ಉಪಕಾರ ಸಣ್ಣದಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಬನಶಂಕರಿಯ ಮನೆಗೆ ಮೇಲೆ ಎರಡು ಕೋಣೆ ಹಾಕಿಸಿದೆವಲ್ಲ, ಆಗ ಹಿಂದಿನ ತಾರಸಿಯ ಪೈಪನ್ನು ಮುಂದಿನ ಮೋರಿಯವರೆಗೆ ತರಲು ನೆಲ ಅಗೆಯಬೇಕಿತ್ತು. ಮೇಸ್ತ್ರಿ ಅದನ್ನು ಹತ್ತಿರದಲ್ಲಿದ್ದ ಒಳಚರಂಡಿಯ (ಯುಜಿಡಿ) ಚೇಂಬರಿಗೆ ಸೇರಿಸಿಬಿಟ್ಟ. ನನಗೆ ಗೊತ್ತಿತ್ತು. ಖರ್ಚು ಉಳಿಯಿತು, ನೀರು ಕಣ್ಣಿಗೆ ಕಾಣದ ಹಾಗೆ ಹೋಯಿತು, ಸುಮ್ಮನಿದ್ದೆ. ನಮ್ಮ ಕ್ರಾಸು ಇಳಿಜಾರು. ಇಳಿಜಾರಿನ ಕೊನೆಯ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇದ್ದರು. ಜೋರು ಮಳೆ ಬಂದಾಗಲೆಲ್ಲ ಅವರ ಬಚ್ಚಲಿನಲ್ಲಿ ಗಲೀಜು ನೀರು ಉಕ್ಕುತ್ತದೆ ಅಂತ ಕೇಳಿದ್ದೆ. ಒಂದು ಅಕ್ಟೋಬರಿನ ರಾತ್ರಿ, ಹಸ್ತೆ ಮಳೆ, ಆ ಅಜ್ಜಿ ಕರೆಸಿದರು. ಹೋಗಿ ನೋಡಿದರೆ ನಡುಮನೆಯವರೆಗೂ ಬಂದಿದೆ. ಅಜ್ಜ ಮಂಚದ ಮೇಲೆ ಕಾಲು ಮಡಚಿಕೊಂಡು ಕೂತಿದ್ದಾರೆ, ಅಜ್ಜಿ ದೇವರ ಪಟಗಳನ್ನು ಬೀರುವಿನ ಮೇಲಕ್ಕೆ ಎತ್ತಿಡುತ್ತಿದ್ದಾರೆ. ಬಕೆಟ್ಟಿನಲ್ಲಿ ನೀರು ಎತ್ತಿ ಎತ್ತಿ ಹಾಕಿದೆ. ಯಾರ ನೀರು ಎತ್ತುತ್ತಿದ್ದೇನೆ ಅಂತ ಆ ರಾತ್ರಿ ನನಗೆ ಹೊಳೆಯಲಿಲ್ಲ. ಮಾರನೆಯ ದಿನ ಮ್ಯಾನ್‌ಹೋಲ್ ತೆಗೆದು ನೋಡಿದ ಪ್ಲಂಬರ್ ಹೇಳಿದ: ಇದು ಬಚ್ಚಲು ನೀರಲ್ಲಮ್ಮ, ಮೇಲಿನ ಮನೆಗಳ ಮಳೆ ನೀರು ಇದರೊಳಗೆ ಬಿಟ್ಟಿದ್ದಾರೆ.

ಯುಜಿಡಿ ಪೈಪುಗಳನ್ನು ಹಾಕುವುದು ಮನೆಗಳ ಬಚ್ಚಲು, ಕಕ್ಕಸಿನ ನೀರಿನ ಅಳತೆಗೆ. ಒಂದು ಸಂಸಾರ ಇಡೀ ದಿನ ಬಳಸುವ ನೀರು ಐನೂರು, ಆರುನೂರು ಲೀಟರ್ ಇರಬಹುದು. ಎರಡು ಇಂಚು ಮಳೆ ಬಂದರೆ ನಿನ್ನಷ್ಟು ಸೈಟಿನಿಂದ ಐದೂವರೆ ಸಾವಿರ ಲೀಟರ್ ಬರುತ್ತದೆ, ಒಂದು ಗಂಟೆಯೊಳಗೂ ಬರಬಹುದು. ಅದು ಆ ಪೈಪಿನಲ್ಲಿ ಹೇಗೆ ಹಿಡಿಯಬೇಕು? ಹಿಡಿಯದ್ದು ಎಲ್ಲಿ ತಗ್ಗಿದೆಯೋ ಅಲ್ಲಿ ಮೇಲೇಳುತ್ತದೆ. ಆ ಅಜ್ಜಿಯ ಮನೆಯಲ್ಲಿ ಎದ್ದಿತು. ನಾನು ಅವರ ಹತ್ತಿರ ಹೋಗಿ ನಮ್ಮ ಪೈಪೂ ಅದರಲ್ಲಿದೆ ಅಂತ ಹೇಳಿಕೊಂಡೆ. ಅವರು ಒಂದು ಮಾತೂ ಅನ್ನಲಿಲ್ಲ. ವಾರದೊಳಗೆ ಪೈಪು ಕೀಳಿಸಿದೆ. ಅದಕ್ಕೇ ಹೇಳುತ್ತೇನೆ, ನಿನ್ನ ಮೇಸ್ತ್ರಿ ಎಷ್ಟೇ ಸುಲಭದ ದಾರಿ ತೋರಿಸಲಿ, ಮಳೆ ನೀರಿನ ಒಂದು ಹನಿಯನ್ನೂ ಯುಜಿಡಿಗೆ ಬಿಡಿಸಬೇಡ. ನನ್ನ ಬೇರೆ ಯಾವ ಮಾತು ಮರೆತರೂ ಇದನ್ನು ಮರೆಯಬೇಡ.

ಇನ್ನು ಕೆರೆಯ ಮೂರು ಅಂಗವನ್ನು ಮನೆಗೆ ತರೋಣ. ಏರಿಯ ಜಾಗಕ್ಕೆ ಸಂಪು, ತೂಬಿನ ಜಾಗಕ್ಕೆ ಇಂಗುಬಾವಿ, ಕೋಡಿಯ ಜಾಗಕ್ಕೆ ಕೋಡಿಯೇ.

ತಾರಸಿಯಿಂದ ಇಳಿಯುವ ಪೈಪುಗಳನ್ನು ನಾಲ್ಕು ದಿಕ್ಕಿಗೆ ಬಿಡದೆ ಒಂದು ಕಡೆಗೆ ಕೂಡಿಸು. ತಾರಸಿ ಹಾಕುವಾಗಲೇ ಆ ಕಡೆಗೆ ವಾಟ ಕೊಡಿಸು, ಆಮೇಲೆ ಸರಿ ಮಾಡಲು ಆಗುವುದಿಲ್ಲ. ಮೊದಲ ಹತ್ತು ನಿಮಿಷದ ನೀರು ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ತೊಳೆದುಕೊಂಡು ಬರುತ್ತದೆ. ಅದನ್ನು ಹೊರಗೆ ಬಿಡಲು ಒಂದು ವಾಲ್ವ್ ಇರಲಿ. ಆಮೇಲಿನದು ಫಿಲ್ಟರ್ ಹಾಯ್ದು ಸಂಪಿಗೆ ಹೋಗಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಎ.ಆರ್. ಶಿವಕುಮಾರ್ ಅವರು ಪೈಪಿಗೇ ಜೋಡಿಸುವ ಸರಳ ಫಿಲ್ಟರ್ ಮಾಡಿದ್ದಾರೆ. ವಿಜಯನಗರದ ಅವರ ಮನೆ 'ಸೌರಭ' ಎರಡು ದಶಕಕ್ಕೂ ಹೆಚ್ಚು ಕಾಲ ಮಳೆ ನೀರಿನಿಂದಲೇ ನಡೆದಿದೆ. ನೀನು ಅಷ್ಟು ದೂರ ಹೋಗಬೇಕಿಲ್ಲ. ಆದರೆ ಪ್ಲಾನಿನಲ್ಲಿ ಒಂದೇ ಸಂಪು ಇದೆ, ಅದನ್ನು ನಡುವೆ ಗೋಡೆ ಹಾಕಿಸಿ ಎರಡು ಮಾಡು. ಕಾವೇರಿ ನೀರಿಗೊಂದು, ಮಳೆ ನೀರಿಗೊಂದು. ಒಂದೇ ಸಂಪಾದರೆ ನಲ್ಲಿಯ ನೀರೇ ಯಾವಾಗಲೂ ತುಂಬಿರುತ್ತದೆ, ಮಳೆ ಬಂದ ದಿನ ಮಳೆಗೆ ಜಾಗ ಇರುವುದಿಲ್ಲ. ಈ ತಪ್ಪು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಮಳೆ ಸಂಪು ತುಂಬಿದ ಮೇಲೆ ನೀರು ಇಂಗುಬಾವಿಗೆ ಹೋಗಬೇಕು. ಇದಕ್ಕೆ ನಾಲ್ಕು ಕಾಸು ಹೆಚ್ಚು ಖರ್ಚು ಮಾಡಿದರೂ ಬೇಸರ ಮಾಡಿಕೊಳ್ಳಬೇಡ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ ಸಾಕು. ಸಿಮೆಂಟಿನ ರಿಂಗ್ ಇಳಿಸುತ್ತಾರೆ, ರಿಂಗಿಗೆ ತೂತು ಇರಬೇಕು, ಸುತ್ತ ಜಲ್ಲಿ ತುಂಬಿಸಬೇಕು. ತಳಕ್ಕೆ ಕಾಂಕ್ರೀಟ್ ಹಾಕಿಸಬಾರದು. ಹಾಕಿದರೆ ಅದು ಬಾವಿಯಲ್ಲ, ಇನ್ನೊಂದು ಸಂಪು. ಅಷ್ಟು ಅಳತೆಯ ಬಾವಿಯೇ ಒಂದು ಸಲಕ್ಕೆ ನಾಲ್ಕು ಸಾವಿರ ಲೀಟರ್ ಹಿಡಿಯುತ್ತದೆ, ಹಿಡಿಯುತ್ತಲೇ ಕೆಳಗೆ ಇಂಗಿಸುತ್ತಲೂ ಇರುತ್ತದೆ. ಎರಡು ಇಂಚಿನ ಆ ಮಳೆಯ ಬಹುಪಾಲು ನಿನ್ನ ಗೇಟು ದಾಟುವುದಿಲ್ಲ.

ತೋಡಲು ಯಂತ್ರ ತರಿಸಬೇಡ. ಬೆಂಗಳೂರಿನ ಸುತ್ತ ತಲೆಮಾರುಗಳಿಂದ ಬಾವಿ ತೋಡಿಕೊಂಡು ಬಂದ ಮಣ್ಣೊಡ್ಡರ ಕುಟುಂಬಗಳಿವೆ, ನಿನ್ನ ಸರ್ಜಾಪುರದ ಕಡೆಯೂ ಇವೆ. ಬೋರ್‌ವೆಲ್ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದವರು ಇಂಗುಬಾವಿಯಿಂದ ಮತ್ತೆ ಹಾರೆ ಹಿಡಿದಿದ್ದಾರೆ. ನಗರದಲ್ಲಿ ಹತ್ತು ಲಕ್ಷ ಇಂಗುಬಾವಿ ಆಗಬೇಕು ಅಂತ ಹೊರಟಿರುವ ಎಸ್. ವಿಶ್ವನಾಥ್ ಅವರಂಥವರು ಈ ಜನರನ್ನು ಮುಂದಿಟ್ಟುಕೊಂಡೇ ಕೆಲಸ ಮಾಡುತ್ತಿದ್ದಾರೆ. ನಮ್ಮ ಮನೆಯ ಬಾವಿ ತೋಡಿದ ಹಿರಿಯರು ಮೊದಲು ಒಂದೂವರೆ ಅಡಿ ಗುಣಿ ತೆಗೆದು, ಎರಡು ಕೊಡ ನೀರು ಹೊಯ್ದು, ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡರು. ಅದು ಬಾಯಲ್ಲಿ ಮುಗಿಯುವ ಹೊತ್ತಿಗೆ ನೀರು ಎಷ್ಟು ಇಳಿದಿದೆ ಅಂತ ನೋಡಿ, ಕೆಮ್ಮಣ್ಣು ಅಮ್ಮ, ಚೆನ್ನಾಗಿ ಕುಡಿಯುತ್ತೆ, ಅಂದರು. ಬುಟ್ಟಿಯಲ್ಲಿ ಮಣ್ಣು ಮೇಲೆ ಬಂದ ಹಾಗೆ ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು. ಹದಿನಾಲ್ಕು ಅಡಿಯಾದ ಮೇಲೆ ಗರಸು ಸಿಕ್ಕಿದಾಗ ಅವರ ಮುಖ ಅರಳಿತು. ಆ ಕೈಗೆ ಗೊತ್ತಿರುವುದು ಯಂತ್ರಕ್ಕೆ ಗೊತ್ತಾಗುವುದಿಲ್ಲ ಮಗು. ಬಾವಿಗೆ ಇಳಿಯುವವರಿಗೆ ಹಗ್ಗ, ಹೆಲ್ಮೆಟ್ ಇದೆಯೇ ನೋಡು, ಕೂಲಿಯಲ್ಲಿ ಚೌಕಾಸಿ ಮಾಡಬೇಡ.

ನಿನ್ನ ಸೈಟು ಹಳೆಯ ಕೆರೆಯಂಗಳಕ್ಕೆ ಹತ್ತಿರ ಅನ್ನುತ್ತಾರೆ. ಅಲ್ಲಿ ಜೇಡಿ ಮಣ್ಣು ಸಿಕ್ಕಿದರೆ, ಅಥವಾ ನಾಲ್ಕೈದು ಅಡಿಗೇ ನೀರು ಕಂಡರೆ, ಇಂಗುಬಾವಿ ಹಟ ಬಿಟ್ಟುಬಿಡು, ಮಳೆ ಸಂಪನ್ನೇ ದೊಡ್ಡದು ಮಾಡಿಸು. ಬಾವಿ ಎಲ್ಲಿ ಬೇಕಾದರೂ ಬೇಡ. ಮನೆಯ ಪಾಯ, ಪಕ್ಕದ ಮನೆಯ ಪಾಯ, ಸಂಪು, ಯುಜಿಡಿ ಚೇಂಬರ್ ಇವುಗಳಿಂದ ಸಾಧ್ಯವಾದಷ್ಟು ದೂರ, ಮುಂದಿನ ಮೂಲೆಯಲ್ಲಿ ಇರಲಿ. ಮೇಲೆ ಗಟ್ಟಿ ಚಪ್ಪಡಿ, ಮಕ್ಕಳಿರುವ ಮನೆ. ಪೈಪಿನ ಬಾಯಿಗೆಲ್ಲ ಸೊಳ್ಳೆ ಪರದೆಯ ಬಲೆ. ಇನ್ನೊಂದು, ಕಾರು ತೊಳೆದ, ಪೋರ್ಟಿಕೋಗೆ ಸೋಪು ಹಾಕಿ ಉಜ್ಜಿದ ನೀರು ಅದಕ್ಕೆ ಬೀಳಲೇಬಾರದು. ಆ ನೀರು ಕೆಳಗೆ ಹೋಗಿ ಯಾರ ಬೋರ್‌ವೆಲ್ಲಿನಲ್ಲಿ ಮೇಲೆ ಬರುತ್ತದೋ ಯಾರಿಗೆ ಗೊತ್ತು? ತಾರಸಿಯ ನೀರು ಮಾತ್ರ ಬಾವಿಗೆ. ಬೋರ್‌ವೆಲ್ ಪೈಪಿನೊಳಗೆ ನೇರವಾಗಿ ಮಳೆ ನೀರು ಬಿಡುತ್ತೇವೆ ಅಂತ ಯಾರಾದರೂ ಬಂದರೆ ಒಪ್ಪಬೇಡ.

ಇಷ್ಟಾದ ಮೇಲೂ 2022ರಂಥ ರಾತ್ರಿ ಬರುತ್ತದೆ. ಆ ರಾತ್ರಿ ನಿನ್ನ ಸೈಟಿನ ಮೇಲೆ ಬೀಳುವುದು ಹದಿನಾಲ್ಕು ಸಾವಿರ ಲೀಟರ್. ಸಂಪು ತುಂಬುತ್ತದೆ, ಬಾವಿ ತುಂಬುತ್ತದೆ. ಆಗ ಬೇಕಾಗುವುದೇ ಕೋಡಿ. ಬಾವಿಯ ಮೇಲ್ತುದಿಯಿಂದ ಒಂದು ದಪ್ಪ ಪೈಪು ಮನೆ ಮುಂದಿನ ಮಳೆ ನೀರಿನ ಮೋರಿಗೆ ಹೋಗಲಿ, ಇಲಿ ನುಗ್ಗದ ಹಾಗೆ ಬಾಯಿಗೆ ಜಾಲರಿ ಇರಲಿ. ಬಹಳ ಜನ ಇದನ್ನು ಇಡುವುದಿಲ್ಲ. ಇಡದಿದ್ದರೆ ತುಂಬಿದ ನೀರು ತನಗೆ ತೋಚಿದ ಕಡೆ, ಎಂದರೆ ನಿನ್ನ ಪಾಯಕ್ಕೋ ಪಕ್ಕದವರ ಗೋಡೆಗೋ ಹೋಗುತ್ತದೆ.

ಆ ಮೋರಿಯ ವಿಷಯಕ್ಕೆ ಬಂದರೆ ನನಗೆ ಸಂಕಟವಾಗುತ್ತದೆ. ಕಾರು ಹತ್ತಿಸಲು ರ‍್ಯಾಂಪ್ ಹಾಕುವಾಗ ಮೋರಿಯ ಮೇಲೆ ಕಾಂಕ್ರೀಟ್ ಸುರಿದು ಪೂರಾ ಮುಚ್ಚಿಬಿಡುತ್ತಾರೆ. ರಸ್ತೆಯ ನೀರು ಒಳಗೆ ಹೋಗಲು ಕಿಂಡಿ ಇಲ್ಲ, ಹೂಳು ತೆಗೆಯಲು ಬರುವವರಿಗೆ ಕೈ ಹಾಕಲು ಜಾಗ ಇಲ್ಲ. ನೀನು ಎತ್ತಿಡಬಹುದಾದ ಚಪ್ಪಡಿ ಅಥವಾ ಕಬ್ಬಿಣದ ಜಾಲರಿ ಹಾಕಿಸು. ಮನೆ ಕಟ್ಟುವಾಗ ಮರಳು, ಜಲ್ಲಿ ರಸ್ತೆ ಬದಿಯಲ್ಲಿ ರಾಶಿ ಹಾಕಿಸುತ್ತೀಯಲ್ಲ, ಅದರ ಸುತ್ತ ಎರಡು ಸಾಲು ಇಟ್ಟಿಗೆ ಇಡಿಸು. ಇಲ್ಲದಿದ್ದರೆ ಮೊದಲ ಮಳೆಗೇ ನಿನ್ನ ದುಡ್ಡು ಮೋರಿಯಲ್ಲಿ ಹೂಳಾಗಿ ಕೂರುತ್ತದೆ.

ಸೈಟಿಗೆ ಮಣ್ಣು ತುಂಬಿಸಿ ಎತ್ತರ ಮಾಡಿಸುತ್ತೇನೆ ಅಂದಿದ್ದೆ. ಮನೆಯ ಪಾಯ ರಸ್ತೆಗಿಂತ ಎತ್ತರ ಇರಲಿ, ಅದು ಬೇಕು. ಟಾರು ಹಾಕಿದಾಗಲೆಲ್ಲ ರಸ್ತೆ ಮೇಲೇರುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೋ. ಆದರೆ ಇಡೀ ಸೈಟು ಎತ್ತರಿಸಿ, ಸುತ್ತ ಕಾಂಪೌಂಡು ಕಟ್ಟಿ, ಮೊದಲು ನಿನ್ನ ಜಾಗದಲ್ಲಿ ಹಾದು ಹೋಗುತ್ತಿದ್ದ ನೀರನ್ನು ಪಕ್ಕದ ತಗ್ಗಿನ ಮನೆಗೆ ತಿರುಗಿಸಬೇಡ. ಎದುರಿನವರೂ ಎತ್ತರಿಸುತ್ತಾರೆ, ಆಮೇಲೆ ಮೂಲೆಯವರು. ಕೊನೆಗೆ ಎತ್ತರಿಸಲು ಕೈಯಲ್ಲಿ ಕಾಸಿಲ್ಲದವರ ಮನೆಗೆ ಎಲ್ಲರ ನೀರೂ ನುಗ್ಗುತ್ತದೆ. ಕೊಳ್ಳುವಾಗಲೇ ನೋಡಬೇಕಿತ್ತು, ಈಗಲಾದರೂ ನೋಡು: ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ನಿನ್ನ ಸರ್ವೆ ನಂಬರಿನ ಸುತ್ತ ರಾಜಕಾಲುವೆ, ಹಳ್ಳ ಏನಾದರೂ ಹಾದಿದೆಯೇ ಪರೀಕ್ಷಿಸು, ಗ್ರಾಮ ನಕಾಶೆಯನ್ನೂ ತೆಗೆಸು. ಅದರ ಜೊತೆಗೆ ಆ ಹಳ್ಳಿಯ ಹಳಬರನ್ನು ಒಂದು ಮಾತು ಕೇಳು. ನೀರು ಯಾವ ದಾರಿಯಲ್ಲಿ ಹೋಗುತ್ತಿತ್ತು ಅನ್ನುವುದು ದನ ಮೇಯಿಸಿದವರಿಗೆ ನೆನಪಿರುತ್ತದೆ.

ಅಂಗಳಕ್ಕೆ ಗ್ರಾನೈಟ್ ಹಾಸಬೇಕು ಅನ್ನುವುದು ನಿನ್ನ ಹೆಂಡತಿಯ ಆಸೆ ಅಂತ ಕೇಳಿದೆ. ಅವಳಿಗೆ ನೋವಾಗದ ಹಾಗೆ ಹೇಳು, ಕಾರಿನ ಗಾಲಿ ಓಡುವಷ್ಟಕ್ಕೆ ಕಲ್ಲು ಸಾಕು. ಉಳಿದ ಕಡೆ ಇಂಟರ್‌ಲಾಕ್ ಹಾಕಿಸಲಿ, ಆದರೆ ಅದರ ಕೆಳಗೆ ಮರಳು, ಜಲ್ಲಿ ಇರಲಿ. ಸಿಮೆಂಟಿನ ಹಾಸು ಹಾಕಿ ಮೇಲೆ ಇಂಟರ್‌ಲಾಕ್ ಕೂರಿಸಿದರೆ ಒಂದು ಹನಿಯೂ ಇಂಗುವುದಿಲ್ಲ. ಕಾಂಪೌಂಡಿನ ಉದ್ದಕ್ಕೆ ಎರಡಡಿ ಮಣ್ಣು ಬಿಡಿ. ಒಂದು ಕರಿಬೇವು, ಒಂದು ದಾಸವಾಳ, ನಾಲ್ಕು ಕೆಸುವಿನ ಗೆಡ್ಡೆ. ಅಂಗಳದ ನೀರನ್ನು ಕೆಸು ಸಂತೋಷದಿಂದ ಕುಡಿಯುತ್ತದೆ, ಪತ್ರೊಡೆಗೂ ಆಯಿತು.

ಕಾನೂನು ಅಂತೂ ಇದೆ. ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ಆದಾಗಿನಿಂದ ನಿನ್ನಷ್ಟು ಸೈಟಿನಲ್ಲಿ ಹೊಸ ಮನೆ ಕಟ್ಟುವವರು ಮಳೆ ನೀರು ಕೊಯ್ಲು ಮಾಡಲೇಬೇಕು. ಆದರೆ ದಂಡ ತಪ್ಪಿಸಲು ಒಂದು ನೀಲಿ ಡ್ರಮ್ಮಿಗೆ ಪೈಪು ತೂರಿಸಿ ಫೋಟೋ ತೆಗೆಸಿಕೊಳ್ಳುವವರ ಸಾಲಿಗೆ ನೀನು ಸೇರಬೇಡ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯದೇ ಸರ್ ಎಂ. ವಿಶ್ವೇಶ್ವರಯ್ಯ ಮಳೆ ನೀರು ಕೊಯ್ಲು ಕೇಂದ್ರವಿದೆ. ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿ ಒಂದು ಬೆಳಿಗ್ಗೆ ಸುತ್ತಿ ಬಾ. ನಾನು ಬಾಯಲ್ಲಿ ಹೇಳಿದ್ದನ್ನು ಅಲ್ಲಿ ಕಣ್ಣಲ್ಲಿ ನೋಡಬಹುದು.

ಮಾಡಿಸಿ ಮರೆತರೆ ಪ್ರಯೋಜನವಿಲ್ಲ. ಯುಗಾದಿ ಕಳೆದು ಭರಣಿ ಮಳೆ ಬರುವುದರೊಳಗೆ ತಾರಸಿ ಗುಡಿಸು, ಪೈಪಿನ ಬಾಯಲ್ಲಿ ಸಿಕ್ಕಿದ ಹೊಂಗೆ ಎಲೆ ತೆಗೆ, ಫಿಲ್ಟರ್ ತೊಳೆ, ಬಾವಿಯ ತಳದಲ್ಲಿ ಹೂಳು ಕೂತಿದ್ದರೆ ಎತ್ತಿಸು. ಅರ್ಧ ದಿನದ ಕೆಲಸ. ಸೆಪ್ಟೆಂಬರ್ ಬೆಂಗಳೂರಿಗೆ ಅತಿ ಹೆಚ್ಚು ಮಳೆಯ ತಿಂಗಳು, ಹುಬ್ಬೆ ಮಳೆ ಹುಟ್ಟುವ ಹೊತ್ತಿಗೆ ಇನ್ನೊಂದು ಸಲ ನೋಡು. ನಿನ್ನ ಮಗನನ್ನೂ ಜೊತೆಗೆ ಕರೆದುಕೊಂಡು ತಾರಸಿ ಹತ್ತು. ಕೋಡಿ ಅಂದರೆ ಏನು ಅಂತ ಅವನಿಗೆ ತೋರಿಸಲು ಈಗ ನಮ್ಮೂರ ಕೆರೆಯಿಲ್ಲ.

ಭಾನುವಾರ ಬಾ. ಪ್ಲಾನಿನ ದೊಡ್ಡ ಪ್ರತಿ, ಒಂದು ಪೆನ್ಸಿಲ್, ಅಳತೆ ಟೇಪು ತೆಗೆದುಕೊಂಡು ಬಾ. ಊಟ ಮಾಡಿಕೊಂಡು ಇಬ್ಬರೂ ಸೈಟಿಗೆ ಹೋಗೋಣ. ಸಂಜೆ ಮಳೆ ಬರುವ ಹಾಗಿದೆ ಅನ್ನುತ್ತಿದ್ದಾರೆ, ಬಂದರೆ ಒಳ್ಳೆಯದೇ ಆಯಿತು. ಛತ್ರಿ ಹಿಡಿದು ನಿಂತು, ನೀರು ಯಾವ ಮೂಲೆಯಿಂದ ಒಳಗೆ ಬರುತ್ತದೆ, ಯಾವ ಮೂಲೆಯಿಂದ ಹೊರಗೆ ಹೋಗುತ್ತದೆ ನೋಡಿ ಗುರುತು ಹಾಕೋಣ. ಹಾಗೇ ಆ ಮೂಲೆಯ ಆಚೆ ಯಾರ ಮನೆ ಇದೆ ಅಂತಲೂ ವಿಚಾರಿಸಿಕೊಂಡು ಬರೋಣ.